ಟೀಪುಡಿಯ ಪಕ್ಕದಲ್ಲಿ ಸೋಪು

ನಿನ್ನೆ ಶುಕ್ರವಾರ ನಾನು ಮಾಡಿದ ಕೆಲಸಗಳು ಇಷ್ಟು. ನಲ್ಲಿಯಲ್ಲಿ ನೀರು ಬರುವ ದಿನವಾದ್ದರಿಂದ ಡ್ರಮ್ಮು, ಬಕೆಟ್ಟು, ಕೊನೆಗೆ ಚೊಂಬಿನವರೆಗೆ ಎಲ್ಲ ತುಂಬಿಸಿಟ್ಟೆ. ದೋಸೆಗೆ ನೆನೆಹಾಕಿದೆ. ಯಜಮಾನರ ಎರಡು ಅಂಗಿ ಇಸ್ತ್ರಿ ಮಾಡಿದೆ, ಮೂರನೆಯದಕ್ಕೆ ಕರೆಂಟು ಹೋಯಿತು. ಬಾಲ್ಕನಿಯ ಕರಿಬೇವಿನ ಗಿಡಕ್ಕೆ ಹುಳಿಮಜ್ಜಿಗೆ ಹಾಕಿದೆ. ನೈರೋಬಿಯ ಮಣ್ಣಿನಲ್ಲಿ ಏನೆಲ್ಲ ಬೆಳೆಯುತ್ತದೆ, ಈ ಒಂದು ಗಿಡವನ್ನು ಮಾತ್ರ ದಿನಾ ರಮಿಸಬೇಕು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಇದು, ಶುಕ್ರವಾರ ಮಾಂಸವಿಲ್ಲವಾದ್ದರಿಂದ ಫ್ರಿಜ್ಜಿನಲ್ಲಿದ್ದ ಕೋಳಿಯನ್ನು ಹಿಂದಕ್ಕೆ ತಳ್ಳಿ ಹೆಸರುಕಾಳನ್ನು ಮುಂದಕ್ಕೆ ತಂದೆ. ಹೈರಿಡ್ಜ್ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತಂದೆ. ಮಧ್ಯಾಹ್ನ ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿಕೊಂಡು ಬುಟ್ಟಿ ತುಂಬಲು ಕೂತೆ.

ಬುಟ್ಟಿಯೆಂದರೆ ಬೆತ್ತದ್ದಲ್ಲ. ಕತ್ತಾಳೆ ನಾರಿನಲ್ಲಿ ಬಿಗಿಯಾಗಿ ಹೆಣೆದ, ಕಂದು-ಕಪ್ಪು ಪಟ್ಟೆಗಳ, ಎರಡು ಚರ್ಮದ ಹಿಡಿಗಳಿರುವ ಚೀಲದಂಥದ್ದು. ಇಲ್ಲಿ ಅದಕ್ಕೆ ಕಿಯೊಂಡೊ ಅನ್ನುತ್ತಾರೆ. ಒಳಗೆ ಕಸವೇನಾದರೂ ಇದೆಯೇ ಎಂದು ಮುಖ ಹಾಕಿ ನೋಡುವಾಗ ಆ ವಾಸನೆ ಬಂತು. ಬಾರ್ ಸೋಪು ಮತ್ತು ಟೀಪುಡಿ ಒಂದೇ ಚೀಲದಲ್ಲಿ ಸ್ವಲ್ಪ ಹೊತ್ತು ಸಂಸಾರ ಮಾಡಿದರೆ ಬರುವ ವಾಸನೆ. ನಿಮಗೂ ಗೊತ್ತಿರುತ್ತದೆ. ಅಂಗಡಿಯವರು ಆತುರದಲ್ಲಿ ಎಲ್ಲ ಒಟ್ಟಿಗೆ ತುಂಬಿ ಕೊಟ್ಟ ದಿನ ಸಂಜೆಯ ಟೀ ಕುಡಿಯುವವರೆಲ್ಲ ಲೋಟ ಕೆಳಗಿಟ್ಟು ಒಬ್ಬರ ಮುಖ ಒಬ್ಬರು ನೋಡುತ್ತಾರಲ್ಲ, ಅದೇ. ಬೇರೆಯವರಾಗಿದ್ದರೆ ಬುಟ್ಟಿಯನ್ನು ಬಿಸಿಲಿಗೆ ಇಡುತ್ತಿದ್ದರು. ನಾನು ಇನ್ನೊಂದು ಸಲ ಮೂಗು ಹಾಕಿದೆ. ಒಬ್ಬಳೇ ಕೂತು ನಕ್ಕೆ.

ನಗುವುದಕ್ಕೆ ಕಾರಣ ಹೇಳಬೇಕಾದರೆ ಕೆಲವು ವರ್ಷ ಹಿಂದಿನ ಒಂದು ತಪಸ್ಸುಕಾಲಕ್ಕೆ ಹೋಗಬೇಕು. ಅದಕ್ಕೂ ಮುಂಚೆ ಇಲ್ಲಿನ ಚರ್ಚುಗಳ ಒಂದು ಏರ್ಪಾಡು ಹೇಳಬೇಕು. ಆತುರವಿಲ್ಲ ತಾನೇ?

ಅಕ್ಕಪಕ್ಕದ ಹತ್ತು ಹನ್ನೆರಡು ಮನೆಗಳು ಸೇರಿ ಇಲ್ಲಿ ಒಂದು ಗುಂಪು. ಅದಕ್ಕೆ ಜುಮುಯಾ ಅಂತ ಹೆಸರು. ವಾರಕ್ಕೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಬೈಬಲ್ ಓದಿ, ಪ್ರಾರ್ಥನೆ ಮಾಡಿ, ಟೀ ಕುಡಿದು, ಯಾರ ಮಗುವಿಗೆ ಜ್ವರ, ಯಾರಿಗೆ ವರ್ಗ ಎಂದು ವಿಚಾರಿಸಿ ಏಳುವುದು. ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಗುಂಪಿನಲ್ಲಿ ಹೆಚ್ಚಿನವರು ಈ ದೇಶದವರೇ. ಒಂದೆರಡು ಗೋವಾದವರ ಮನೆ, ಕೇರಳದ ಒಬ್ಬ ನರ್ಸು, ಮೈಸೂರು ಕಡೆಯ ನಾವು. ತಪಸ್ಸುಕಾಲದ ಪ್ರತಿ ಶುಕ್ರವಾರ ಸಂಜೆ ಶಿಲುಬೆ ಹಾದಿ, ಅಂದರೆ ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಪ್ರಾರ್ಥನೆ, ನಡೆಯುತ್ತದೆ. ಊರಲ್ಲಾದರೆ ಅದು ಚರ್ಚಿನ ಗೋಡೆಯ ಹದಿನಾಲ್ಕು ಚಿತ್ರಗಳ ಮುಂದೆ ಆಗಿಹೋಗುತ್ತದೆ. ಇಲ್ಲಿ ಆ ಹದಿನಾಲ್ಕು ಸ್ಥಳಗಳನ್ನು ಮನೆಮನೆಗೆ ಹಂಚುತ್ತಾರೆ. ನಿಮಗೆ ಬಂದ ಸ್ಥಳಕ್ಕೆ ನಿಮ್ಮ ಬಾಗಿಲಲ್ಲಿ ಒಂದು ಮೇಜು, ಬಿಳಿ ಬಟ್ಟೆ, ಮೇಣದ ಬತ್ತಿ. ಎಲ್ಲರೂ ಹಾಡಿಕೊಂಡು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನಡೆಯುತ್ತಾರೆ. ಮಟಾಟು ಎನ್ನುವ ಇಲ್ಲಿನ ಬಾಡಿಗೆ ವ್ಯಾನುಗಳ ಕಂಡಕ್ಟರುಗಳೂ ಆ ಹೊತ್ತಿಗೆ ರೇಡಿಯೋದ ಸದ್ದು ಸ್ವಲ್ಪ ತಗ್ಗಿಸಿ ಹೋಗುವುದನ್ನು ನೋಡಿದ್ದೇನೆ. ಕೊನೆಯಲ್ಲಿ ಒಂದು ಬುಟ್ಟಿ ಯಾವುದಾದರೂ ಮನೆಗೆ ಹೋಗುತ್ತದೆ: ಕಾಯಿಲೆಯವರಿಗೆ, ಕೆಲಸ ಹೋದವರಿಗೆ, ಸಾವಾದ ಮನೆಗೆ.

ಆ ಬುಟ್ಟಿಯ ಮಂತ್ರಿಣಿ ನಾನೇ. ಯಾರೂ ನೇಮಿಸಿದ್ದಲ್ಲ, ಬಂದ ವರ್ಷವೇ ಅವರು ತುಂಬುವ ರೀತಿ ನೋಡಲಾರದೆ ನಾನೇ ಮುಂದೆ ಹೋಗಿ ಕೂತೆ. ಕೆಳಗೆ ಉಂಗಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಪ್ಯಾಕೆಟ್ಟು. ಅದರ ಮೇಲೆ ಸಕ್ಕರೆ, ಪಕ್ಕದಲ್ಲಿ ಎಣ್ಣೆ, ಉಪ್ಪು, ಮೇಲೆ ಟೀಪುಡಿ. ಸೋಪು ಮಾತ್ರ ಎರಡು ಸುತ್ತು ಪೇಪರಿನಲ್ಲಿ ಕಟ್ಟಿ ಹೊರಗೆ ಬೇರೆ ಚೀಲದಲ್ಲಿ. "ಟೀಪುಡಿಯ ಪಕ್ಕ ಸೋಪು ಇಡಬಾರದು" ಎನ್ನುವುದು ನಮ್ಮ ಜುಮುಯಾದಲ್ಲಿ ಹತ್ತು ಆಜ್ಞೆಗಳ ನಂತರದ ಆಜ್ಞೆಯಾಗಿತ್ತು.

"ಹನ್ನೊಂದನೆಯದು ಬಂತು ನೋಡಿ," ಎನ್ನುತ್ತಿದ್ದರು ಮಾಮಾ ಪೀಟರ್, ನಾನು ಪೇಪರು ಕೈಗೆತ್ತಿಕೊಂಡ ಕೂಡಲೇ.

ಮಾಮಾ ಪೀಟರ್ ನಮ್ಮ ಗುಂಪಿನ ಮುಖಂಡರು. ಹೆಣ್ಣುಮಕ್ಕಳ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ದೊಡ್ಡ ಶರೀರ, ಅದಕ್ಕಿಂತ ದೊಡ್ಡ ಧ್ವನಿ. ಮೈಕು ಕೆಟ್ಟ ದಿನ ಬೈಬಲ್ ಪಾಠ ಓದಲು ಫಾದರ್ ಇವರನ್ನೇ ಕರೆಯುತ್ತಾರೆ. ಪೀಟರ್ ಅವರ ಹಿರಿಮಗ. ಇಲ್ಲಿ ಮಾಮಾ ಅಂದರೆ ಅಮ್ಮ, ಬಾಬಾ ಅಂದರೆ ಅಪ್ಪ. ತಾಯಂದಿರನ್ನು ಮಕ್ಕಳ ಹೆಸರಿನಿಂದ ಕರೆಯುವುದು ವಾಡಿಕೆ, ಹಾಗಾಗಿ ಮಗಳು ರೀನಾಳಿಂದ ನಾನು ಮಾಮಾ ರೀನಾ. ಇನ್ನು ಮುಂದೆ ಅವರ ಮಾತುಗಳನ್ನು ಕನ್ನಡದಲ್ಲೇ ಬರೆಯುತ್ತೇನೆ. ಅವರು ಆಡುವುದು ಅರ್ಧ ಇಂಗ್ಲಿಷು, ಅರ್ಧ ಸ್ವಾಹಿಲಿ, ಮಿಕ್ಕಿದ್ದು ಹುಬ್ಬು.

ಬುಟ್ಟಿಯ ಹುಚ್ಚು ನನಗೆ ಬಂದದ್ದು ಅಮ್ಮನಿಂದ. ನಮ್ಮ ಮನೆಯಲ್ಲಿ ಒಲೆಯ ಪಕ್ಕ ಒಂದು ಸಣ್ಣ ಮಡಕೆ ಇತ್ತು. ತಪಸ್ಸುಕಾಲದಲ್ಲಿ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅಮ್ಮ ಅದರಿಂದ ಒಂದು ಹಿಡಿ ತೆಗೆದು ಆ ಮಡಕೆಗೆ ಹಾಕುತ್ತಿದ್ದಳು. ಮೊದಲೇ ಎತ್ತಿಟ್ಟು ಆಮೇಲೆ ನಮಗೆ ಅಳೆಯಬಹುದಿತ್ತಲ್ಲ? ಊಹೂಂ. ನಮ್ಮ ಪಾಲಿಗೆಂದು ಅಳೆದಾದ ಮೇಲೆಯೇ ತೆಗೆಯಬೇಕು. "ನಮ್ ತಟ್ಟೇಲಿ ಕಮ್ಮಿ ಆಗದೇ ಇದ್ರೆ ಅದೆಂಥ ಕೊಡೋದು?" ಎನ್ನುವಳು. ಈಸ್ಟರಿನ ಹಿಂದಿನ ವಾರದ ಗರಿಗಳ ಭಾನುವಾರದ ಹೊತ್ತಿಗೆ ಮಡಕೆ ತುಂಬುತ್ತಿತ್ತು, ಅದು ಚರ್ಚಿನ ಮೂಲಕ ಯಾರಿಗೋ ಹೋಗುತ್ತಿತ್ತು. ಕೊಡುವವರ ಮನೆ ನಮ್ಮದು ಎಂದು ನಾನು ಮೂಗು ಮೇಲೆತ್ತಿಕೊಂಡು ಬೆಳೆದೆ. ಆ ಮೂಗಿಗೆ ಏನಾಯಿತೆಂದು ಮುಂದೆ ಹೇಳುತ್ತೇನೆ.

ಅಮ್ಮ ಹೋದ ಮೇಲೆ ನನಗೊಂದು ಕಷ್ಟ ಶುರುವಾಯಿತು. ಪ್ರಾರ್ಥನೆ ನಿಂತಿತು ಅನ್ನಲಾರೆ. ಜಪಸರ ತಪ್ಪಿಸಲಿಲ್ಲ, ಭಾನುವಾರದ ಪೂಜೆ ತಪ್ಪಿಸಲಿಲ್ಲ. ಆದರೆ ಅದು ನಾಲಗೆಯ ಮೇಲೆಯೇ ಓಡಾಡಿಕೊಂಡಿರುತ್ತಿತ್ತು, ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಮೊದಲೆಲ್ಲ "ದೇವರೇ" ಎಂದರೆ ಆ ಕಡೆ ಯಾರೋ ತಿರುಗಿ ನೋಡಿದ ಹಾಗೆ ಆಗುತ್ತಿತ್ತು. ಈಗ ಬೀಗ ಹಾಕಿದ ಮನೆಯ ಬೆಲ್ಲು ಒತ್ತಿದ ಹಾಗೆ. ಇದನ್ನು ಯಾರಿಗೆ ಹೇಳುವುದು? ಯಜಮಾನರಿಗೆ ಹೇಳಿದರೆ "ಬಿ.ಪಿ. ನೋಡಿಸ್ಕೋ" ಎನ್ನುತ್ತಾರೆ. ಅವರು ಔಷಧಿ ಕಾರ್ಖಾನೆಯಲ್ಲಿ ಎಂಜಿನಿಯರು, ಎಲ್ಲಕ್ಕೂ ಅವರಲ್ಲಿ ಒಂದು ಮಾತ್ರೆ ಇರುತ್ತದೆ. ಈ ತಪಸ್ಸುಕಾಲದಲ್ಲಾದರೂ ಆ ಬಾಗಿಲು ತೆರೆಯಬೇಕು ಎಂದು ನಾನೇ ಒಳಗೊಳಗೆ ಹಟ ಹಿಡಿದೆ.

ಆ ವರ್ಷ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿದ ಮೇಲೆ ಫಾದರ್ ಚಿಕ್ಕ ಪ್ರಸಂಗ ಮಾಡಿದರು. "ಸಕ್ಕರೆ ಬಿಟ್ಟೆ, ಮಾಂಸ ಬಿಟ್ಟೆ ಅಂತ ದೇವರಿಗೆ ವರದಿ ಒಪ್ಪಿಸಬೇಡಿ. ಈ ಸಲ ನಿಮ್ಮನ್ನೇ ಒಪ್ಪಿಸಿಬಿಡಿ," ಅಂದರು. ನನಗೇ ಹೇಳಿದ ಹಾಗಿತ್ತು. ಮನೆಗೆ ಬಂದವಳೇ ದೇವರಿಗೆ ನನ್ನನ್ನು ಒಪ್ಪಿಸಿಕೊಳ್ಳಲು ಟೈಮ್‌ಟೇಬಲ್ ಹಾಕಿದೆ. ಬೆಳಿಗ್ಗೆ ಐದಕ್ಕೆ ಒಪ್ಪಿಸಿಕೊಳ್ಳುವುದು. ಐದೂವರೆಗೆ ಟಿಫಿನ್ನು. ಸಂಜೆ ಜಪಸರದ ಜೊತೆ ಮತ್ತೊಮ್ಮೆ. ನಗಬೇಡಿ, ಆಗ ನನಗೆ ನಗು ಬರಲಿಲ್ಲ. ಯಜಮಾನರಿಗೆ ಬಂತು.

"ಒಪ್ಪಿಸ್ಕೊಂಡು ಹೋದ್ಮೇಲೆ ಗ್ಯಾಸ್ ಆಫ್ ಆಗಿದ್ಯಾ ಅಂತ ನೋಡೋಕ್ ಒಂದ್ಸಲ ವಾಪಸ್ ಬರ್ತೀಯಾ ಹೇಗೆ?"

ಅವರು ಹಾಗೆ ಕೇಳಿದ್ದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಕೊನೆಗೆ ಮಲಗುವವಳು ಯಾವಾಗಲೂ ನಾನು. ಗ್ಯಾಸು, ಬಾಗಿಲ ಚಿಲಕ, ಬಾಲ್ಕನಿ ಬಾಗಿಲು, ರೀನಾಳ ಹೊದಿಕೆ, ಮತ್ತೆ ಗ್ಯಾಸು. ಇಷ್ಟು ಸುತ್ತು ಹಾಕದೆ ತಲೆ ದಿಂಬಿಗೆ ತಾಗಿದರೂ ಕಣ್ಣು ಮುಚ್ಚುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಐದಕ್ಕೆ ಕ್ರಮವಾಗಿ ಒಪ್ಪಿಸಿಕೊಂಡೆ. ಹತ್ತು ಗಂಟೆಗೆ ಸ್ಟೂಲು ಹತ್ತಿದೆ. ಬುಟ್ಟಿಗೆ ಬೇಕಾದ ಡಬ್ಬಗಳು ಅಡಿಗೆಮನೆಯ ಅಟ್ಟದ ಮೇಲಿದ್ದವು. ಶಾಲೆಗೆ ರಜೆಯಿದ್ದ ರೀನಾ ಬಂದು, "ಅಮ್ಮಾ, ಐ'ಲ್ ಗೆಟ್ ಇಟ್. ಪ್ಲೀಸ್ ಕಮ್ ಡೌನ್," ಅಂದಳು. ನಮ್ಮ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷು.

"ನಿಂಗ್ ಗೊತ್ತಾಗಲ್ಲ, ಬಿಡು. ನಾನೇ ತೆಗೀತೀನಿ," ಅಂದೆ.

ತೆಗೆದೆ. ಡಬ್ಬ ಕೈಗೆ ಬಂತು, ಸ್ಟೂಲು ಕಾಲ ಕೆಳಗಿನಿಂದ ಹೋಯಿತು.

ಬಲಗೈ ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಯಲ್ಲಿ ಗುಜರಾತಿ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಈಸ್ಟರ್ ಹೊತ್ತಿಗೆ ಬಿಚ್ಚೋಣ ಆಂಟಿ," ಎಂದು ಬಹಳ ಸಂತೋಷದ ಸುದ್ದಿಯ ಹಾಗೆ ಹೇಳಿದರು. ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರು. ವಾಪಸ್ಸು ಬರುವಾಗ ಗೇಟಿನ ಕಾವಲುಗಾರ, ಲಿಫ್ಟಿನಲ್ಲಿದ್ದವರು, ಸೊಪ್ಪಿನವಳು, ಎಲ್ಲರೂ "ಪೋಲೆ, ಪೋಲೆ ಸಾನಾ" ಅಂದರು. ಯಾರಿಗೆ ನೋವಾದರೂ ಇಲ್ಲಿನವರು ಹೇಳುವ ಮಾತು ಅದು. ನಮ್ಮ "ಅಯ್ಯೋ ಪಾಪ"ದ ಹತ್ತಿರದ್ದು, ಆದರೆ ಅದರಷ್ಟು ದೂರ ನಿಂತು ಹೇಳುವುದಲ್ಲ. ನಾನು ಪ್ರತಿಯೊಬ್ಬರಿಗೂ "ಏನಿಲ್ಲ, ಏನಿಲ್ಲ" ಎನ್ನುತ್ತ ಬಂದೆ.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಶಿಲುಬೆಯ ಗುರುತು ಹಾಕಿಕೊಳ್ಳಲು ಅಭ್ಯಾಸಬಲದಿಂದ ಬಲಗೈ ಎತ್ತಿದೆ. ಪ್ಲಾಸ್ಟರು ನೇರವಾಗಿ ಮೂಗಿಗೆ ಬಡಿಯಿತು. ಮೇಲೆತ್ತಿಕೊಂಡು ಬೆಳೆದ ಮೂಗು ಎಂದೆನಲ್ಲ, ಅದೇ. ಎಡಗೈ ಎತ್ತಿದೆ, ಅದು ಹಣೆಯವರೆಗೆ ಹೋಗಿ ನಿಂತುಬಿಟ್ಟಿತು. ಚಿಕ್ಕಂದಿನಲ್ಲಿ ಒಮ್ಮೆ ಎಡಗೈಯಲ್ಲಿ ಶಿಲುಬೆ ಹಾಕಿದ್ದಕ್ಕೆ ಅಜ್ಜಿ ಬೆರಳ ಗಿಣ್ಣಿಗೆ ಕೊಟ್ಟ ಏಟು ಆ ಕೈಗೆ ಇನ್ನೂ ನೆನಪಿತ್ತು. ದೇವರ ಹತ್ತಿರ ಹೋಗಲು ನನ್ನ ಬಳಿ ಇದ್ದದ್ದು ಒಂದೇ ಕೈ, ಅದಕ್ಕೂ ಬೀಗ. ಟೈಮ್‌ಟೇಬಲ್ ಆ ದಿನವೇ ಮುಗಿಯಿತು.

ಆಮೇಲಿನ ದಿನಗಳ ವರ್ಣನೆ ಬೇಡ. ಯಜಮಾನರು ಅನ್ನ ಮಾಡಿದರು, ಗಂಜಿಯಾಯಿತು. ಗಂಜಿ ಮಾಡಲು ಹೇಳಿದೆ, ಅನ್ನವಾಯಿತು. ಅವರ ಕಾರ್ಖಾನೆಯಲ್ಲಿ ತಯಾರಾಗುವ ಔಷಧಿ ಕುಡಿಯುವವರ ಬಗ್ಗೆ ನನಗೆ ಮೊದಲ ಬಾರಿಗೆ ಕಳವಳವಾಯಿತು. ಕುರ್ಚಿಯಲ್ಲಿ ಕೂತು ಬಾಯಿಂದಲೇ ಅಡಿಗೆ ಮಾಡಿದೆ: "ಸಾಸಿವೆ ಸಿಡೀಲಿ ರೀ, ಈಗ, ಈಗ ಹಾಕಿ, ಅಯ್ಯೋ ಹೋಯ್ತು."

ಒಂದು ಬೆಳಗು ಮಾತ್ರ ಹೇಳಲೇಬೇಕು. ಒಂದೇ ಕೈಯಲ್ಲಿ ಕೂದಲು ಕಟ್ಟಿಕೊಳ್ಳಲಾಗದೆ ಕ್ಲಿಪ್ಪಿನ ಜೊತೆ ಜಗಳವಾಡುತ್ತಿದ್ದೆ. ರೀನಾ ಬಂದು ನನ್ನ ಭುಜ ಒತ್ತಿ ಮಣೆಯ ಮೇಲೆ ಕೂರಿಸಿದಳು.

"ಜಸ್ಟ್ ಸಿಟ್, ಅಮ್ಮಾ."

"ನಿಂಗೆ ಜಡೆ ಹಾಕಕ್ ಬರಲ್ಲ ಕಣೇ."

"ಯೂಟ್ಯೂಬ್ ಹ್ಯಾಸ್ ಎವ್ರಿಥಿಂಗ್."

ಅವಳ ಬೆರಳುಗಳು ನನ್ನ ತಲೆಯಲ್ಲಿ ನಿಧಾನವಾಗಿ ಓಡಾಡಿದವು. ಬೈತಲೆ ಸೊಟ್ಟಗಾಯಿತೆಂದು ಕನ್ನಡಿಯಿಲ್ಲದೆಯೂ ಗೊತ್ತಾಗುತ್ತಿತ್ತು. ಹೇಳಲು ಬಾಯಿ ತೆರೆದೆ. ಆಗ ಅವಳು, "ಅಜ್ಜಿ ನಿಂಗೂ ಹಿಂಗೇ ಮಾಡ್ತಿದ್ರಾ?" ಅಂದಳು. ಕನ್ನಡದಲ್ಲಿ! ತನಗೇ ತಿಳಿಯದೆ ಬಂದ ಮಾತು ಅದು. ಎತ್ತಿ ತೋರಿಸಿದರೆ ನಾಚಿಕೊಂಡು ಮತ್ತೆ ಬಾಗಿಲು ಹಾಕಿಕೊಳ್ಳುತ್ತಾಳೆಂದು ನಾನು ಸುಮ್ಮನೆ, "ಹೂಂ. ಎಣ್ಣೆ ಜಾಸ್ತಿ ಹಾಕ್ತಿದ್ಲು," ಅಂದೆ. ಸೊಟ್ಟ ಬೈತಲೆಯಲ್ಲೇ ಆ ಭಾನುವಾರ ಪೂಜೆಗೆ ಹೋದೆ.

ಮುಂದಿನ ಶುಕ್ರವಾರದ ಶಿಲುಬೆ ಹಾದಿಯಲ್ಲಿ ನಮ್ಮ ಮನೆಗೆ ಬಂದದ್ದು ಐದನೆಯ ಸ್ಥಳ. ಯೇಸುಸ್ವಾಮಿ ಶಿಲುಬೆ ಹೊತ್ತು ಬಳಲಿದಾಗ ದಾರಿಯಲ್ಲಿ ಬರುತ್ತಿದ್ದ ಸಿರೇನಿನ ಸಿಮೋನನನ್ನು ಸೈನಿಕರು ಹಿಡಿದು ಅದಕ್ಕೆ ಹೆಗಲು ಕೊಡಿಸಿದ್ದು. ಆ ಶುಕ್ರವಾರ ಮೇಜಿನ ಬಟ್ಟೆಯ ಅಂಚು ಸಮ ಬರುವವರೆಗೆ ಯಜಮಾನರಿಂದ ಮೂರು ಸಲ ಎಳೆಸಿದೆ. ಗುಂಪು ಬಂತು, ಹಾಡಿತು, ಓದಿತು, ಮುಂದಿನ ಮನೆಗೆ ಹೊರಟಿತು. ಯಜಮಾನರೂ ರೀನಾಳೂ ಅವರ ಜೊತೆ ಹೋದರು. ನಾನು ಮೇಣದ ಬತ್ತಿಯ ಹತ್ತಿರ ಒಬ್ಬಳೇ ಕೂತೆ. ಹಾಡು ಬೀದಿಯ ತಿರುವಿನಲ್ಲಿ ಸಣ್ಣಗಾಗುತ್ತ ಹೋಯಿತು. ಈಗಲಾದರೂ ಎಂದು ಕಣ್ಣು ಮುಚ್ಚಿದೆ. "ದೇವರೇ, ನನ್ನನ್ನು ಸ್ವೀಕರಿಸು" ಅಂದೆ. ಬೆಲ್ಲು ಒತ್ತಿದೆ ಅನ್ನಿ. ಯಾರೂ ತೆರೆಯಲಿಲ್ಲ. ಮಾಡುವ ಕೈಯೇ ಇಲ್ಲದವಳನ್ನು ಸ್ವೀಕರಿಸಿ ಅವನಿಗಾದರೂ ಏನು ಪ್ರಯೋಜನ ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಒಂದು ಗಂಟೆ ಕಳೆದಿರಬೇಕು. "ಹೋಡೀ?" ಎಂದು ಬಾಗಿಲಲ್ಲಿ ಧ್ವನಿ. ಒಳಗೆ ಬರಬಹುದೇ ಎಂದು ಕೇಳುವ ರೀತಿ. ಆ ಧ್ವನಿಗೆ ನಮ್ಮ ಬಿಲ್ಡಿಂಗಿನ ಮೂರು ಮಹಡಿಯವರು ಉತ್ತರ ಕೊಡಬಹುದಿತ್ತು. ಮರೆತುಹೋದ ಹಾಡಿನ ಪುಸ್ತಕಕ್ಕೆ ಬಂದಿದ್ದಾರೆ ಎಂದುಕೊಂಡು ಬಾಗಿಲಿಗೆ ಹೋದೆ. ಮಾಮಾ ಪೀಟರ್ ನಿಂತಿದ್ದರು. ಹಿಂದೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಗ್ರೇಸ್ ಎಂಬ ಹುಡುಗಿ, ಅವಳ ಹಿಂದೆ ಇಡೀ ಜುಮುಯಾ, ಅವರ ನಡುವೆ ನಗು ತಡೆದುಕೊಂಡ ನನ್ನ ಗಂಡ, ಮಗಳು. ಮಾಮಾ ಪೀಟರ್ ಕೈಯಲ್ಲಿ ಬುಟ್ಟಿ.

ನನಗೆ ಮೊದಲು ಹೊಳೆದದ್ದು ಏನು ಗೊತ್ತೆ? ಬುಟ್ಟಿಯ ಬಾಯಲ್ಲಿ ಟೀಪುಡಿಯ ಪ್ಯಾಕೆಟ್ಟು, ಅದಕ್ಕೆ ಒರಗಿಕೊಂಡು ಪೇಪರೂ ಇಲ್ಲದ ಬರೀ ಮೈಯ ಸೋಪು.

"ಮಾಮಾ, ಯಾರ ಮನೆಗೆ ಇದು?" ಅಂದೆ. "ಸೋಪು ಹೀಗೆ ಇಟ್ಟಿದೀರಲ್ಲ!"

"ಕೈ ಮುರಿದವರ ಮನೆಗೆ," ಅಂದರು ಅವರು.

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಕೂಡಲೇ ಕಿವಿ ಬಿಸಿಯಾಯಿತು. ಲಿಫ್ಟು ಇರುವ ಬಿಲ್ಡಿಂಗು ನಮ್ಮದು. ಹಾಲ್‌ನಲ್ಲಿ ಸೋಫಾ, ಶೋಕೇಸು. ನಾನು ತುಂಬಿಸಿ ಕಳಿಸುವ ಬುಟ್ಟಿ, ನಾನೇ ಹಾಕಿಕೊಟ್ಟ ಪಟ್ಟಿಯ ಸಾಮಾನು, ನನ್ನ ಬಾಗಿಲಿಗೆ! "ಬೇಡ ಬೇಡ ಮಾಮಾ, ನಮಗೆ ಏನೂ ಕಮ್ಮಿಯಿಲ್ಲ. ನಿಜವಾಗಿ ಬೇಕಾದವರಿಗೆ ಕೊಡಿ. ನಾನು ಚೆನ್ನಾಗಿದೀನಿ," ಎಂದು ಒಂದೇ ಉಸಿರಿಗೆ ಅಂದೆ.

ಮಾಮಾ ಪೀಟರ್ ಬುಟ್ಟಿ ಕೆಳಗಿಡಲಿಲ್ಲ. ಹುಬ್ಬು ಎತ್ತಿದರು. ಶಾಲೆಯ ಹುಡುಗಿಯರು ಆ ಹುಬ್ಬಿಗೆ ಎಷ್ಟು ಹೆದರಿರಬೇಕು!

"ಮಾಮಾ ರೀನಾ, ಈ ಬಾಗಿಲಲ್ಲಿ ಸಂಜೆ ಏನು ಓದಿದೆವು?"

"ಸಿಮೋನ... ಶಿಲುಬೆಗೆ ಹೆಗಲು ಕೊಟ್ಟಿದ್ದು."

"ಸಿಮೋನ ಎಲ್ಲಿಯವನು? ನಮ್ಮ ಆಫ್ರಿಕಾದವನು. ಹೊಲದಿಂದ ಸುಮ್ಮನೆ ತನ್ನ ಪಾಡಿಗೆ ಮನೆಗೆ ಹೋಗುತ್ತಿದ್ದ, ರಾತ್ರಿ ಊಟ ತಣ್ಣಗಾಯಿತು ಪಾಪ. ಅವನು ಬಂದಾಗ ಯೇಸುಸ್ವಾಮಿ ಏನಂದರು? 'ಬೇಡಪ್ಪ, ನಾನು ಚೆನ್ನಾಗಿದೀನಿ, ನಿಜವಾಗಿ ಬೇಕಾದವರಿಗೆ ಹೋಗಿ ಹೊರು' ಅಂದರೇನು?"

ಹಿಂದೆ ಯಾರೋ ಕಿಸಕ್ಕೆಂದರು. ನನ್ನ ಗಂಡನೇ ಇರಬೇಕು.

"ಅನ್ನಲಿಲ್ಲ," ಅಂದೆ.

"ಹಾಗಾದರೆ ಹಿಡಿ."

ಕೈ ಚಾಚಿದೆ. ಎಡಗೈ! ಊರಲ್ಲಾಗಲಿ ಇಲ್ಲಿಯಾಗಲಿ ಎಡಗೈಯಲ್ಲಿ ಯಾರಿಂದ ಏನು ತೆಗೆದುಕೊಂಡರೂ ಮರ್ಯಾದೆಯಲ್ಲ. ಅರ್ಧಕ್ಕೆ ಹಿಂದಕ್ಕೆಳೆದುಕೊಂಡೆ. "ಎಡಗೈ ಮಾಮಾ," ಅಂದೆ, ಅಜ್ಜಿಯ ಮುಂದೆ ನಿಂತ ಹುಡುಗಿಯ ಹಾಗೆ.

"ನಿನ್ನ ಹತ್ತಿರ ಇರುವುದು ಅದೇ ತಾನೇ? ಇರುವುದನ್ನು ಕೊಡು," ಎಂದು ಅವರು ಬುಟ್ಟಿಯ ಒಂದು ಹಿಡಿಯನ್ನು ನನ್ನ ಎಡ ಅಂಗೈಯೊಳಗೆ ಇಟ್ಟು ಬೆರಳು ಮಡಚಿದರು. ಇನ್ನೊಂದು ಹಿಡಿಯನ್ನು ಬಿಡಲಿಲ್ಲ. ಬುಟ್ಟಿ ಭಾರವಿತ್ತು. ಅಷ್ಟು ವರ್ಷ ತುಂಬಿಸಿದವಳಿಗೆ ಅದು ಎಷ್ಟು ಭಾರವೆಂದು ಗೊತ್ತಿರಲಿಲ್ಲ, ನಾನು ಬರೀ ಮೇಜಿನ ಮೇಲೆ ಕಂಡವಳು. ಇಬ್ಬರೂ ಒಂದೊಂದು ಹಿಡಿ ಹಿಡಿದು ಹೊಸ್ತಿಲು ದಾಟಿ, ಹಾಲ್ ದಾಟಿ ಅಡಿಗೆಮನೆಗೆ ಒಯ್ದೆವು. ಅವರ ಹೆಜ್ಜೆ ದೊಡ್ಡದು, ನನ್ನದು ಚಿಕ್ಕದು. ಬುಟ್ಟಿ ನಡುವೆ ತೂಗಾಡಿ ನನ್ನ ಮೊಣಕಾಲಿಗೆ ಬಡಿಯಿತು. ಯಾರೋ ಹಾಡು ಎತ್ತಿಕೊಂಡರು. ಶಿಲುಬೆ ಹಾದಿಯ ಹಾಡು ಅಷ್ಟು ಜೋರಾಗಿ, ಅಷ್ಟು ಚಪ್ಪಾಳೆಯೊಂದಿಗೆ ಹಾಡಬಹುದೆಂದು ನಮ್ಮ ಊರಿನ ಫಾದರ್‌ಗೆ ಯಾರಾದರೂ ಹೇಳಬೇಕು.

ಅಷ್ಟಕ್ಕೇ ಅವರು ಹೋಗಲಿಲ್ಲ. ನನ್ನನ್ನು ಹಾಲ್‌ನಲ್ಲಿ ಕೂರಿಸಿ, ಹೊರಗಿನವರು ಯಾರೂ ಕಾಲಿಡದ ನನ್ನ ಅಡಿಗೆಮನೆಗೆ ಐದಾರು ಹೆಂಗಸರು ನುಗ್ಗಿದರು. ಪಾತ್ರೆಗಳ ಸದ್ದಿನಲ್ಲೇ ನನಗೆ ಗೊತ್ತಾಗುತ್ತಿತ್ತು: ಅದು ಇಡ್ಲಿ ಪಾತ್ರೆ, ಅದು ಹಾಲಿನದು, ಅಯ್ಯೋ ಅದು ಅಮ್ಮ ಕೊಟ್ಟ ಹಿತ್ತಾಳೆ ಸೌಟು. ಏಳಲು ಹೋದೆ. "ಜಸ್ಟ್ ಸಿಟ್," ಅಂದಳು ರೀನಾ. ಕೂತೆ. ಸ್ವಲ್ಪ ಹೊತ್ತಿಗೆ ಕೂತಿರುವುದು ಅಷ್ಟೇನೂ ಕಷ್ಟವಲ್ಲ ಅನ್ನಿಸಿತು. ಉಗಾಲಿ ಬಂತು, ಉಂಗಾ ಹಿಟ್ಟಿನ ಬಿಳಿಯ ಗಟ್ಟಿ. ಜೊತೆಗೆ ಈರುಳ್ಳಿ ಹಾಕಿ ಬಾಡಿಸಿದ ಸುಕುಮಾ ಸೊಪ್ಪು. ಮಧ್ಯಾಹ್ನದ ಹೆಸರುಕಾಳಿನ ಬಸ್ಸಾರು ನಮ್ಮದೇ ಇತ್ತು.

ಯಜಮಾನರು ಉಗಾಲಿಯನ್ನು ಉಂಡೆ ಕಟ್ಟಿ, ಬಸ್ಸಾರಿನಲ್ಲಿ ಅದ್ದಿ, ರಾಗಿಮುದ್ದೆಯ ಹಾಗೆ ಗುಳುಂ ಎಂದು ನುಂಗಿದರು. ಮಾಮಾ ಪೀಟರ್ ಕೈಯ ತುತ್ತು ಕೈಯಲ್ಲೇ ನಿಂತಿತು.

"ಬಾಬಾ ರೀನಾ, ಅಗಿಯಲಿಲ್ಲ ನೀವು!"

"ಅಗಿಯಬಾರದು ಮಾಮಾ. ನಮ್ಮಲ್ಲಿ ನುಂಗಬೇಕು."

"ನಿಮ್ಮ ಹಲ್ಲಿಗೂ ತಪಸ್ಸುಕಾಲವೇ?"

ಆಮೇಲೆ ಎಲ್ಲರೂ ನುಂಗಲು ಕಲಿತರು. ಗ್ರೇಸ್‌ಗೆ ಬಿಕ್ಕಳಿಕೆ ಬಂತು. ನನಗೆ ತುತ್ತು ಕಟ್ಟಲಾಗದೆ ಮಾಮಾ ಪೀಟರ್ ತಾವೇ ಕಟ್ಟಿ ನನ್ನ ಎಡ ಅಂಗೈಯಲ್ಲಿ ಇಡುತ್ತಿದ್ದರು. ಅಮ್ಮ ಹೋದ ಮೇಲೆ ಯಾರೂ ನನಗೆ ಕೈತುತ್ತು ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ತೆಗೆದುಕೊಳ್ಳುತ್ತಿದ್ದೆನೇ?

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಎಡಗೈಯಲ್ಲೇ ಟೀಗೆ ಇಟ್ಟೆ. ನನ್ನ ಟೀ ಡಬ್ಬ ತುಂಬಿ ತುಳುಕುತ್ತಿತ್ತು. ಗ್ರೇಸ್ ಉಪಕಾರವಾಗಲೆಂದು ಬುಟ್ಟಿಯ ಟೀಪುಡಿಯನ್ನೆಲ್ಲ ನನ್ನ ಡಬ್ಬಕ್ಕೇ ಸುರಿದು, ಚೆನ್ನಾಗಿ ಕಲಸಿ ಹೋಗಿದ್ದಳು! ಒಂದು ಗುಟುಕು ಕುಡಿದೆ. ಸೋಪು. ಅಪ್ಪಟ ಬಟ್ಟೆ ಸೋಪು. ಪಾಸ್ಖ ಹಬ್ಬದವರೆಗೆ, ಅಂದರೆ ಈಸ್ಟರ್‌ವರೆಗೆ, ನಮ್ಮ ಮನೆಯಲ್ಲಿ ಇದೇ ಟೀ ಎಂದು ಹೊಳೆದು ನಗು ಬಂತು. ಹೊಟ್ಟೆಯೊಳಗಿನಿಂದ ಬಂದ ನಗು, ಲೋಟ ಕೆಳಗಿಡಬೇಕಾಯಿತು. ನಗುತ್ತಲೇ ಎಡಗೈ ಹಣೆಗೆ ಹೋಯಿತು, ಎದೆಗೆ ಬಂತು, ಒಂದು ಭುಜಕ್ಕೆ, ಇನ್ನೊಂದಕ್ಕೆ. ಅಜ್ಜಿ ಹೊಡೆಯಲಿಲ್ಲ. ಬಾಯಿಂದ ಬಂದದ್ದು ಪುಸ್ತಕದ ಪ್ರಾರ್ಥನೆಯಲ್ಲ. "ತಗೊಂಡೆ ಅಪ್ಪಾ," ಅಂದೆ. "ನೀನು ಕೊಟ್ಟಿದ್ದು ತಗೊಂಡೆ." ಅಷ್ಟೇ. ಆ ಕಡೆ ಯಾರೋ ತಿರುಗಿ ನೋಡಿದ ಹಾಗಾಯಿತು. ಎಷ್ಟೋ ಕಾಲದಿಂದ ನಾನು ಹೊರಗೆ ನಿಂತು ಬೆಲ್ಲು ಒತ್ತುತ್ತಿದ್ದೆನಲ್ಲ, ಅವನು ಅಷ್ಟೂ ಹೊತ್ತು ಬುಟ್ಟಿ ಹಿಡಿದು ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದ.

ಆ ತಪಸ್ಸುಕಾಲವಿಡೀ ನಾವು ಸೋಪಿನ ಟೀ ಕುಡಿದೆವು. ಯಜಮಾನರು "ಹೊಟ್ಟೆ ಒಳಗೂ ಶುದ್ಧ ಆಯ್ತು ಬಿಡು" ಅಂದರು. ಪಾಸ್ಖದ ವಾರ ಪ್ಲಾಸ್ಟರು ಬಿಚ್ಚಿದಾಗ ಒಳಗಿನ ಕೈ ಸಣ್ಣಗೆ, ಬೆಳ್ಳಗೆ, ಆಗ ತಾನೇ ಹುಟ್ಟಿದ ಹಾಗಿತ್ತು. ಹಬ್ಬದ ಬೆಳಿಗ್ಗೆ ಹೊಸ ಡಬ್ಬದ ಒಳ್ಳೆಯ ಟೀ ಮಾಡಿದೆ. ಎಲ್ಲರಿಗೂ ಏನೋ ಕಮ್ಮಿ ಅನ್ನಿಸಿತು.

ಇದೆಲ್ಲ ನಿನ್ನೆ ಬುಟ್ಟಿಯಲ್ಲಿ ಮೂಗಿಟ್ಟಾಗ ಬಂದದ್ದು. ನಿನ್ನೆಯ ಬುಟ್ಟಿ ಯಾರಿಗೆ ಗೊತ್ತೆ? ಮಾಮಾ ಪೀಟರ್‌ಗೇ. ಅವರಿಗೆ ಮಂಡಿ ಆಪರೇಷನ್ ಆಗಿದೆ. ನಾನು ಸಾಮಾನು ಜೋಡಿಸಿದೆ. ಸೋಪನ್ನು ಪೇಪರಿನಲ್ಲಿ ಸುತ್ತಿಯೇ ಇಟ್ಟೆ, ಅಷ್ಟೆಲ್ಲ ಸಂತಳಾಗಿಲ್ಲ ನಾನು. ಬುಟ್ಟಿಯ ಒಂದು ಹಿಡಿ ನಾನು ಹಿಡಿದೆ, ಇನ್ನೊಂದು ರೀನಾ. ದಾರಿಯುದ್ದಕ್ಕೂ ಅವರು "ಬೇಡ, ನಾನು ಚೆನ್ನಾಗಿದೀನಿ" ಎಂದರೆ ಸಿಮೋನನ ಮಾತನ್ನು ಹೇಗೆ ಅವರಿಗೇ ತಿರುಗಿಸುವುದೆಂದು ಅಭ್ಯಾಸ ಮಾಡಿಕೊಂಡು ಹೋದೆ. ಹುಬ್ಬನ್ನೂ ಎತ್ತಿ ನೋಡಿದೆ.

ಮಾಮಾ ಪೀಟರ್ ಕಾಲು ಸ್ಟೂಲಿನ ಮೇಲೆ ಚಾಚಿ ಬಾಗಿಲು ತೆರೆದೇ ಇಟ್ಟುಕೊಂಡು ಕೂತಿದ್ದರು. "ಕರೀಬು, ಬನ್ನಿ ಬನ್ನಿ! ಇಷ್ಟು ತಡವೇ? ತನ್ನಿ ನೋಡೋಣ," ಎಂದು ಎರಡೂ ಕೈ ಚಾಚಿ ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಒಂದೊಂದಾಗಿ ಹೊರಗೆ ತೆಗೆದು, "ಆಹಾ, ಸಕ್ಕರೆ! ಆಹಾ, ಎಣ್ಣೆ!" ಎಂದು ಹಬ್ಬದ ಮಗುವಿನಂತೆ ಸಂತೋಷಪಟ್ಟರು. ಸೋಪಿನ ಪೇಪರು ಬಿಚ್ಚಿ, ನನ್ನ ಮುಖ ನೋಡಿಕೊಂಡೇ ಅದನ್ನು ಟೀಪುಡಿಯ ಪಕ್ಕಕ್ಕೆ ತಗುಲಿಸಿ ಇಟ್ಟರು.

"ಮಾಮಾ!"

"ಮಂಡಿಗೆ ಒಳ್ಳೆಯದು," ಅಂದರು.

ನಾನು ಕಲಿತುಕೊಂಡು ಹೋದ ಮಾತು ನನ್ನ ಹತ್ತಿರವೇ ಉಳಿಯಿತು. ತೆಗೆದುಕೊಳ್ಳುವುದನ್ನು ಅವರ ಹಾಗೆ ಕಲಿಯಲು ನನಗೆ ಇನ್ನೂ ಎಷ್ಟು ತಪಸ್ಸುಕಾಲ ಬೇಕೋ.

ಮನೆಗೆ ಬರುವ ಹೊತ್ತಿಗೆ ಅಡಿಗೆ ಆಗಿತ್ತು. ಈಗ ಶುಕ್ರವಾರಗಳ ಅಡಿಗೆ ಯಜಮಾನರದು. ಅನ್ನ ಅನ್ನವೇ ಆಗುತ್ತದೆ. ನಿನ್ನೆ ಉಗಾಲಿ, ಹೆಸರುಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ ಉಂಡೆವು. ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಸೋಫಾದ ಮೇಲೆ ಸ್ವಲ್ಪ ಒರಗಿ, ಆಮೇಲೆ ಎದ್ದು ಗ್ಯಾಸು ನೋಡೋಣ ಎಂದುಕೊಂಡದ್ದು ನೆನಪಿದೆ. ಇದನ್ನು ಬರೆಯುತ್ತಿರುವುದು ಶನಿವಾರ ಬೆಳಿಗ್ಗೆ. ಹೊದಿಕೆ ಹೊದಿಸಿದವಳು ರೀನಾ, ಗ್ಯಾಸು, ಚಿಲಕ ನೋಡಿದವರು ಅವಳಪ್ಪ ಎಂದು ಈಗ ತಾನೇ ಅವಳೇ ಹೇಳಿದಳು. ಮೊದಲು ನಿದ್ದೆಹೋದವಳು ನಾನಂತೆ.